ಪಿಂಗಾಣಿ ಪಂಪ್ ಮಸಿಕುಡಿಕೆ: ಗುಬುಟು ತಿರುಗದಿದ್ದರೆ ಏನು ಮಾಡಬೇಕು, ಏನು ಮಾಡಬಾರದು

ಪ್ರಶ್ನೆ: ಫ್ರಾನ್ಸಿನಲ್ಲಿರುವ ಮಗಳು ಅಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ಪಿಂಗಾಣಿ ಮಸಿಕುಡಿಕೆಯನ್ನು ಈ ಸಲ ಮೈಸೂರಿಗೆ ಬಂದಾಗ ನನಗೆ ಕೊಟ್ಟಿದ್ದಾಳೆ. ಎತ್ತರ ಸುಮಾರು 11 ಸೆಂ.ಮೀ., ಬಿಳಿ ಬಣ್ಣ, ಅಂಚಿಗೆ ಚಿನ್ನದ ಗೆರೆ. ಒಂದು ಪಕ್ಕಕ್ಕೆ ಪುಟ್ಟ ಬಟ್ಟಲು ಹೊರಚಾಚಿಕೊಂಡಿದೆ. ಮುಚ್ಚಳಕ್ಕೆ ಹಿತ್ತಾಳೆಯ ಬಳೆ, ಅದರ ನಡುವೆ ತಿರುಗಿಸುವ ಗುಬುಟು. ‘ಇದು ಪಂಪ್ ಮಸಿಕುಡಿಕೆ, ಗುಬುಟು ತಿರುಗಿಸಿದರೆ ಮಸಿ ಬಟ್ಟಲಿಗೆ ಏರುತ್ತದೆ’ ಎಂದು ಮಾರಿದವರು ಹೇಳಿದರಂತೆ. ಆದರೆ ಗುಬುಟು ಕಾಲು ಸುತ್ತು ತಿರುಗಿ ನಿಂತುಬಿಡುತ್ತದೆ. ಬಟ್ಟಲಿನ ತಳದಲ್ಲಿ ಕಪ್ಪು ಹಕ್ಕಳೆ ಕಟ್ಟಿದೆ. ಬಟ್ಟಲಿನ ಒಳಮೈಯಲ್ಲಿ ಬಲೆ ಹೆಣೆದಂತೆ ಸಣ್ಣ ಗೆರೆಗಳಿವೆ. ಕುದಿನೀರು ಹಾಕಿ ಎಂದು ಒಬ್ಬರು, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ ಎಂದು ಇನ್ನೊಬ್ಬರು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ. ಒಳಗೆ ಏನಿದೆ, ಹೇಗೆ ಕೆಲಸ ಮಾಡುತ್ತದೆ? ಮತ್ತೆ ಇದರಲ್ಲಿ ಮಸಿ ತುಂಬಿ ಬರೆಯಬಹುದೇ? ತಳದಲ್ಲಿ ಯಾವ ಮುದ್ರೆಯೂ ಇಲ್ಲ, ನಕಲಿ ಇರಬಹುದೇ?

ಉತ್ತರ: ಮೊದಲಿಗೆ ಒಂದು ವಿನಂತಿ. ಈ ಉತ್ತರ ಪೂರ್ತಿ ಓದುವವರೆಗೆ ಗುಬುಟನ್ನು ಇನ್ನೊಮ್ಮೆ ತಿರುಗಿಸಬೇಡಿ. ಗುಬುಟು ಸಿಕ್ಕಿಕೊಂಡಿದೆ ಎಂದು ನಮಗೆ ಅನಿಸುವುದು ಮೇಲಿನಿಂದ ನೋಡಿದಾಗ. ನಿಜವಾಗಿ ಹಿಡಿದುಕೊಂಡಿರುವ ಜಾಗ ಕೆಳಗೆ, ಕಣ್ಣಿಗೆ ಕಾಣದ ಕಡೆ ಇರುವುದೇ ಹೆಚ್ಚು. ಒತ್ತಾಯ ಮಾಡಿದರೆ ಮುರಿಯುವುದೂ ಅಲ್ಲಿಯೇ.

ಒಳಗಿನ ರಚನೆ ಸರಳ. ಕುಡಿಕೆಯ ಮುಖ್ಯ ಕೋಣೆ ಒಂದು ಉರುಳೆ. ಅದರ ತಳದ ಹತ್ತಿರ ಒಂದು ಕಿರುದಾರಿ ಪಕ್ಕದ ಬಟ್ಟಲಿಗೆ ಹೋಗುತ್ತದೆ. ಕೋಣೆಯೊಳಗೆ ಪಿಂಗಾಣಿಯ ಒಂದು ದಪ್ಪ ಗುಂಡು ತೂಗಿರುತ್ತದೆ. ಅದನ್ನು ಮುಳುಗುಗುಂಡು ಎನ್ನೋಣ. ಅದರ ತಲೆಗೆ ಥ್ರೆಡ್ ಇರುವ ಲೋಹದ ಸರಳು ಸೇರಿಸಿರುತ್ತಾರೆ. ಸರಳು ಮುಚ್ಚಳದಲ್ಲಿನ ನಟ್ ಮೂಲಕ ಹೊರಬಂದು ನಿಮ್ಮ ಕೈಗೆ ಸಿಗುವ ಗುಬುಟಾಗುತ್ತದೆ. ಗುಬುಟು ಒಂದು ಕಡೆಗೆ ತಿರುಗಿಸಿದರೆ ಗುಂಡು ಕೆಳಗಿಳಿಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮೇಲೇರುತ್ತದೆ.

‘ಪಂಪ್’ ಎಂಬ ಹೆಸರು ಕೇಳಿ ಮಸಿಯನ್ನು ಹೀರಿ ಎಳೆಯುವ ಯಂತ್ರ ಇರಬೇಕೆಂದು ಹಲವರು ಭಾವಿಸುತ್ತಾರೆ. ಈ ಬಗೆಯ ಕುಡಿಕೆಯಲ್ಲಿ ಹೀರುವ ಕೆಲಸವೇ ಇಲ್ಲ. ಬಚ್ಚಲ ಹಂಡೆಯಲ್ಲಿ ಅರ್ಧ ನೀರಿದ್ದಾಗ ಬಿಂದಿಗೆಯನ್ನು ಒಳಗೆ ಒತ್ತಿದರೆ ನೀರಿನ ಮಟ್ಟ ಮೇಲೇರುವುದಿಲ್ಲವೇ, ಇಲ್ಲಿಯೂ ಅಷ್ಟೇ. ಗುಂಡು ಮುಳುಗಿದಷ್ಟೂ ಮಸಿ ಜಾಗ ಬಿಟ್ಟುಕೊಟ್ಟು ಏರುತ್ತದೆ. ಕೋಣೆ ಮತ್ತು ಬಟ್ಟಲು ತಳದಲ್ಲಿ ಕೂಡಿಕೊಂಡಿರುವುದರಿಂದ ಎರಡರಲ್ಲೂ ಮಟ್ಟ ಒಂದೇ ಸಮ ಏರುತ್ತದೆ.

ಒಂದು ಲೆಕ್ಕ ಹಾಕಿದರೆ ತಯಾರಕರ ಜಾಣ್ಮೆ ಕಾಣುತ್ತದೆ. ಕೋಣೆಯ ಒಳವ್ಯಾಸ 50 ಮಿ.ಮೀ., ಗುಂಡಿನ ವ್ಯಾಸ 40 ಮಿ.ಮೀ., ಬಟ್ಟಲಿಗೆ ಹೋಗುವ ಕೊರಳು 15 ಮಿ.ಮೀ., ಒಂದು ಸುತ್ತಿಗೆ ಸರಳು ಇಳಿಯುವುದು 3 ಮಿ.ಮೀ. ಎಂದುಕೊಳ್ಳಿ. ಗುಂಡಿನ ಸುತ್ತ ಮಸಿಗೆ ಉಳಿಯುವ ಜಾಗ ಕಿರಿದು. ಆದ್ದರಿಂದ ಗುಂಡು 3 ಮಿ.ಮೀ. ಇಳಿದರೆ ಮಸಿ 4 ಮಿ.ಮೀ.ಗೂ ಸ್ವಲ್ಪ ಹೆಚ್ಚು ಏರುತ್ತದೆ. ಇದೇ ಅಳತೆಯ ಕುಡಿಕೆಗೆ 40 ಮಿ.ಲೀ. ಮಸಿ ಹಾಕಿದರೆ, ಗುಂಡು ಪೂರ್ತಿ ಮೇಲಿದ್ದಾಗ ಮಸಿಯ ಆಳ 19 ಮಿ.ಮೀ.; ನಾಲ್ಕೂವರೆ ಸುತ್ತು ಇಳಿಸಿದರೆ 38 ಮಿ.ಮೀ. ಹತ್ತಿರ. ಅಂದರೆ ಐದು ಸುತ್ತಿನೊಳಗೆ ಮಸಿಯ ಮಟ್ಟ ಇಮ್ಮಡಿ. ನಿಮ್ಮ ಕುಡಿಕೆಯ ಅಳತೆ ಬೇರೆ ಇರಬಹುದು, ಆದರೆ ಅನುಪಾತ ಸುಮಾರಾಗಿ ಹೀಗೆಯೇ ಇರುತ್ತದೆ.

ಇಷ್ಟೆಲ್ಲ ಏಕೆ ಬೇಕಾಯಿತು ಎಂಬುದೂ ತಿಳಿದಿರಲಿ, ಏಕೆಂದರೆ ನಿಮ್ಮ ಗುಬುಟು ಹಿಡಿದುಕೊಂಡ ಕಾರಣ ಅದರಲ್ಲೇ ಇದೆ. 19ನೇ ಶತಮಾನದ ಯುರೋಪಿನಲ್ಲಿ ದಿನಬಳಕೆಯ ಮಸಿ ಎಂದರೆ ಬಹುಪಾಲು ಮಾಚಿಕಾಯಿಯ ಒಗರು, ಅನ್ನಭೇದಿ, ಅರೇಬಿಕ್ ಗೋಂದು ಸೇರಿಸಿದ ಕಬ್ಬಿಣದ ಮಸಿ. ಅದು ಹುಳಿ. ಗಾಳಿ ತಗುಲಿದರೆ ಕಪ್ಪಾಗಿ ಗಷ್ಟಾಗುತ್ತದೆ. ನೀರು ಆರಿದರೆ ಗೋಂದು ಅಂಟಾಗುತ್ತದೆ. ಅದೇ ಕಾಲಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಉಕ್ಕಿನ ನಿಬ್ಬುಗಳು ರಾಶಿರಾಶಿಯಾಗಿ ತಯಾರಾಗತೊಡಗಿದ್ದವು. ಉಕ್ಕಿನ ನಿಬ್ಬನ್ನು ಆಳಕ್ಕೆ ಅದ್ದಿದರೆ ತೊಟ್ಟು ಬಿದ್ದು ಕಾಗದ ಹಾಳಾಗುತ್ತದೆ, ಹಿಡಿಕೆಯ ಲೋಹವನ್ನೂ ಮಸಿ ತಿನ್ನುತ್ತದೆ. ಹಾಗಾಗಿ ಅದ್ದುವ ಕಡೆ ಮಸಿ ಸ್ವಲ್ಪವೇ ಇರಬೇಕು, ಮಟ್ಟ ಬರೆಯುವವರ ಕೈಯಲ್ಲಿರಬೇಕು, ಕೆಲಸ ಮುಗಿದ ಮೇಲೆ ಮಸಿ ಮುಚ್ಚಿದ ಕೋಣೆಗೆ ಹಿಂದಿರುಗಬೇಕು. ತಿರುಪು ಗುಬುಟು ಈ ಮೂರನ್ನೂ ಮಾಡುತ್ತದೆ. ಸಂಜೆ ಗುಂಡನ್ನು ಮೇಲೆತ್ತಿದರೆ ಬಟ್ಟಲಿನ ಮಸಿ ಕಿರಿಕೊರಳಿಗೆ ಇಳಿದು, ಗಾಳಿಗೆ ತೆರೆದಿರುವ ಮೈ ಒಂದು ಕಾಸಿನಗಲವೂ ಇರುವುದಿಲ್ಲ.

ಪಾತ್ರೆಯ ಮೈಗೆ ಪಿಂಗಾಣಿ ಬಳಸಿದ್ದಕ್ಕೂ ಮಸಿಯ ಹುಳಿಯೇ ಕಾರಣ. ಹಿತ್ತಾಳೆ, ತವರಗಳನ್ನು ಅದು ತಿನ್ನುತ್ತದೆ. ಚೆನ್ನಾಗಿ ಬೆಂದ ಪಿಂಗಾಣಿಯನ್ನು ಮುಟ್ಟುವುದಿಲ್ಲ. ಸರಳು ಮತ್ತು ನಟ್‌ಗಳಿಗೆ ಮಾತ್ರ ಲೋಹ ತಪ್ಪಲಿಲ್ಲ. ಈ ಯಂತ್ರದ ದುರ್ಬಲ ಜಾಗಗಳು ಪಿಂಗಾಣಿ ಮತ್ತು ಲೋಹ ಸೇರುವ ಎಡೆಗಳೇ.

ಈಗ ನಿಮ್ಮ ಗುಬುಟಿಗೆ ಬರೋಣ. ಕಾಲು ಸುತ್ತು ತಿರುಗಿ ನಿಲ್ಲುತ್ತದೆ ಎಂದಿದ್ದೀರಿ. ಪೂರ್ತಿ ಅಲ್ಲಾಡದ ಗುಬುಟಿಗಿಂತ ಇದು ಹೆಚ್ಚು ಮಾಹಿತಿ ಕೊಡುತ್ತದೆ. ನಟ್ ಒಳಗಿನ ಥ್ರೆಡ್ ಬಹುಮಟ್ಟಿಗೆ ಬಿಡುವಾಗಿದೆ ಎಂದರ್ಥ. ಹಾಗಾದರೆ ಮೂರು ಸಾಧ್ಯತೆಗಳಿವೆ. ಗುಂಡು ತಳ ಮುಟ್ಟಿ ನಿಂತಿರಬಹುದು. ಆಗ ಅದು ಕೆಟ್ಟಿಲ್ಲ, ಇಳಿಯಲು ಜಾಗವಿಲ್ಲ ಅಷ್ಟೇ. ಅಥವಾ ಕಡೆಯ ಬಾರಿ ಬಳಸಿದವರು ಗುಂಡನ್ನು ಕೆಳಗೇ ಬಿಟ್ಟು, ಮಸಿ ಆರಿ, ಗುಂಡಿನ ಬುಡ ತಳದ ಗಷ್ಟಿಗೆ ಅಂಟಿಕೊಂಡಿರಬಹುದು. ಇದೇ ತುಂಬ ಸಾಮಾನ್ಯ, ಬಟ್ಟಲಿನ ಹಕ್ಕಳೆಯೂ ಇದನ್ನೇ ಹೇಳುತ್ತದೆ. ಮೂರನೆಯದು ಬೇಸರದ್ದು: ಗುಂಡಿಗೂ ಸರಳಿಗೂ ನಡುವಿನ ಬೆಸುಗೆ ಈಗಾಗಲೇ ಸಡಿಲವಾಗಿ, ನೀವು ತಿರುಗಿಸುತ್ತಿರುವುದು ಬರಿಯ ಸರಳನ್ನು.

ಆ ಬೆಸುಗೆ ಹೇಗಿರುತ್ತದೆಂದರೆ, ಗುಂಡಿನ ತಲೆಯಲ್ಲಿ ಒಂದು ಕುಳಿ ಬಿಟ್ಟು, ಸರಳಿನ ತುದಿಯನ್ನು ಅದರಲ್ಲಿ ನಿಲ್ಲಿಸಿ, ಸುತ್ತ ಪ್ಲಾಸ್ಟರ್ ಅಥವಾ ಅರಗಿನಂಥ ಅಂಟನ್ನು ತುಂಬಿರುತ್ತಾರೆ. ಗುಂಡಿನ ಬುಡ ತಳಕ್ಕೆ ಅಂಟಿರುವಾಗ ಗುಬುಟನ್ನು ಬಲವಾಗಿ ತಿರುಗಿಸಿದರೆ ಆ ತಿರುಚು ಪೂರ್ತಿಯಾಗಿ ಈ ಪ್ಲಾಸ್ಟರ್ ಮೇಲೆ ಬೀಳುತ್ತದೆ. ‘ಟಕ್’ ಎಂದು ಸದ್ದಾಗಿ ಗುಬುಟು ಸಲೀಸಾಗಿ ತಿರುಗತೊಡಗುತ್ತದೆ. ಬಿಡಿತೆಂದು ಸಂತೋಷಪಡುವಷ್ಟರಲ್ಲಿ ಸರಳು ಮಾತ್ರ ಹೊರಬಂದು ಗುಂಡು ಒಳಗೇ ಉಳಿದಿರುತ್ತದೆ. ದುರಸ್ತಿಗೆ ಬರುವ ಪಂಪ್ ಕುಡಿಕೆಗಳಲ್ಲಿ ನಾನು ಹೆಚ್ಚಾಗಿ ನೋಡುವ ಹಾನಿ ಇದೇ.

ನಿಮಗೆ ಸಿಕ್ಕ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಕುದಿನೀರು ಬೇಡವೇ ಬೇಡ. ಗಾಜಿನ ಉಪ್ಪಿನಕಾಯಿ ಬಾಟಲಿಯ ಲೋಹದ ಮುಚ್ಚಳ ಬಿಸಿನೀರಿಗೆ ಸಡಿಲವಾಗುವುದು ನಿಜ. ಅಲ್ಲಿ ಲೋಹ ಹೊರಗೆ, ಗಾಜು ಒಳಗೆ. ನಿಮ್ಮ ಕುಡಿಕೆಯ ಬಾಯಲ್ಲಿ ಲೋಹ ಒಳಗೆ, ಪಿಂಗಾಣಿ ಹೊರಗೆ. ಒಂದು ಡಿಗ್ರಿ ಬಿಸಿಗೆ ಹಿತ್ತಾಳೆ ಪ್ರತಿ ಮೀಟರಿಗೆ ಸುಮಾರು 19 ಮೈಕ್ರಾನ್ ಹಿಗ್ಗಿದರೆ ಪಿಂಗಾಣಿ ಸುಮಾರು 5 ಮೈಕ್ರಾನ್ ಮಾತ್ರ. 20 ಮಿ.ಮೀ. ಅಗಲದ ಬಳೆಯನ್ನು 70 ಡಿಗ್ರಿಯಷ್ಟು ಬಿಸಿ ಮಾಡಿದರೆ ಹಿತ್ತಾಳೆ ಪಿಂಗಾಣಿಗಿಂತ 0.02 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ಕೇಳಲು ಸಣ್ಣದು. ಆದರೆ ಸಂದಿಯಲ್ಲಿ ಆರಿದ ಮಸಿಯೋ ಪ್ಲಾಸ್ಟರೋ ತುಂಬಿದ್ದರೆ ಆ ಹಿಗ್ಗಿಗೆ ಜಾಗವೇ ಇರುವುದಿಲ್ಲ. ಪಿಂಗಾಣಿ ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಒಳಗಿನಿಂದ ಹಿಗ್ಗುವ ಬಳೆ ಅದನ್ನು ಎಳೆಯುತ್ತದೆ. ಬಾಯಿಯ ಅಂಚಿನಿಂದ ಕೆಳಕ್ಕೆ ಇಳಿಯುವ ನೆಟ್ಟನೆಯ ಬಿರುಕು ಕಂಡರೆ ಯಾರೋ ಬಿಸಿನೀರು ಹಾಕಿದ್ದಾರೆಂದು ಶಂಕಿಸಬಹುದು. ಬಳೆಯು ಪಿಂಗಾಣಿಯ ಕೊರಳನ್ನು ಹೊರಗಿನಿಂದ ಅಪ್ಪಿಕೊಂಡಿರುವ ಮಾದರಿಗಳಲ್ಲಿ ಬಿಸಿ ಉಪಯೋಗಕ್ಕೆ ಬರಬಹುದು. ಅಲ್ಲಿಯೂ ಅದು ಕುದಿನೀರಲ್ಲ, ನುರಿತವರು ಬಳೆಗೆ ಮಾತ್ರ ಕೊಡುವ ಹದವಾದ ಶಾಖ.

ವಿನೆಗರ್ ಸಲಹೆಯಲ್ಲಿ ಅರ್ಧ ಸತ್ಯವಿದೆ. ಕಬ್ಬಿಣದ ಕಲೆಯನ್ನು ಹುಳಿ ಸ್ವಲ್ಪ ಕರಗಿಸುತ್ತದೆ. ಆದರೆ ರಾತ್ರಿಯಿಡೀ ಇಟ್ಟರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಏಳುತ್ತದೆ, ಥ್ರೆಡ್ ಇನ್ನಷ್ಟು ಬಿಗಿಯುತ್ತದೆ. ಪಿಂಗಾಣಿಯ ಮೇಲೆ ಬಣ್ಣದ ಹೂವು ಬಳ್ಳಿಗಳಿದ್ದರೆ ಆ ಬಣ್ಣಗಳು ಕಡಿಮೆ ಶಾಖದಲ್ಲಿ, ಮೆರುಗಿನ (ಪಾತ್ರೆಯ ಮೇಲಿನ ಗಾಜಿನಂಥ ಲೇಪದ) ಮೇಲೆ ಕೂರಿಸಿದಂಥವು, ಹುಳಿಗೆ ಕಳೆಗುಂದುತ್ತವೆ.

ಎಣ್ಣೆಯ ಸ್ಪ್ರೇ ಕೇಳಲು ಒಪ್ಪುವಂತಿದೆ, ಏಕೆಂದರೆ ತುಕ್ಕು ಹಿಡಿದ ಬೋಲ್ಟಿಗೆ ಅದು ಸರಿ. ಇಲ್ಲಿ ಹಿಡಿದಿರುವುದು ತುಕ್ಕಲ್ಲ, ಗೋಂದು. ಅರೇಬಿಕ್ ಗೋಂದು ಎಣ್ಣೆಗೆ ಜಗ್ಗುವುದಿಲ್ಲ, ನೀರಿಗೆ ಕರಗುತ್ತದೆ. ಮೇಲಾಗಿ ಎಣ್ಣೆ ಬಟ್ಟಲಿನ ಬಲೆಗೆರೆಗಳೊಳಗೆ ಇಂಗಿದರೆ ಹಳದಿ ಕಲೆಯಾಗಿ ಉಳಿಯುತ್ತದೆ, ಮುಂದೆ ಅಂಟು ಹಾಕಬೇಕಾದರೆ ಹಿಡಿಯುವುದಿಲ್ಲ, ಮಸಿಯ ಮೇಲೆ ಪದರವಾಗಿ ತೇಲಿ ನಿಬ್ಬು ಮಸಿ ಹಿಡಿಯದಂತೆ ಮಾಡುತ್ತದೆ.

ನೀವು ಕೇಳದಿದ್ದರೂ ಒಂದು ಮಾತು: ಬಟ್ಟೆಗೆ ಹಾಕುವ ಬ್ಲೀಚ್ ಬೇಡ. ಕಬ್ಬಿಣದ ಮಸಿಗೆ ಬ್ಲೀಚ್ ಹಾಕಿದರೆ ಕಪ್ಪು ಹೋಗಿ ತುಕ್ಕಿನ ಕೆಂಪು ಉಳಿಯುತ್ತದೆ, ಮತ್ತು ಆ ಕೆಂಪು ಕಪ್ಪಿಗಿಂತ ಹಟಮಾರಿ.

ಆದ್ದರಿಂದ ನನ್ನ ದಾರಿ ನೀರು ಮತ್ತು ಸಮಯ, ಅದೂ ಒಳಗಿನಿಂದ ಮೊದಲು. ಗುಬುಟು ಕಡೆಗೆ.

ಆರಂಭಿಸುವ ಮುನ್ನ ಮೂರು ಪರೀಕ್ಷೆ ಮಾಡಿಕೊಳ್ಳಿ. ಕುಡಿಕೆಯನ್ನು ದಪ್ಪ ಟವೆಲ್ಲಿನ ಮೇಲೆ ಮಗುಚಿ ಮಲಗಿಸಿ, ತಳದ ಪಾದದಂಚನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ಮೆರುಗು ಇರುವುದಿಲ್ಲ, ಬರಿಯ ಮೈ ಕಾಣುತ್ತದೆ. ಆ ಅಂಚಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮಣಿಯಂತೆ ನಿಂತರೆ ಮೈ ಪೂರ್ತಿ ಬೆಂದ ಗಟ್ಟಿ ಪಿಂಗಾಣಿ. ಸುಮಾರು 1400 ಡಿಗ್ರಿಯಲ್ಲಿ ಬೆಂದು ಗಾಜಿನಂತಾದದ್ದು, ನೀರು ಕುಡಿಯುವುದಿಲ್ಲ. ಹನಿ ಕಣ್ಣೆದುರೇ ಇಂಗಿ ಒದ್ದೆ ಗುರುತು ಹರಡಿದರೆ ಅದು ಬಿಳಿ ಮೆರುಗು ಹಾಕಿದ ಮಣ್ಣಿನ ಪಾತ್ರೆ, ನೋಡಲು ಮಾತ್ರ ಪಿಂಗಾಣಿ. ನಿಮ್ಮ ಬಟ್ಟಲಿನ ಬಲೆಗೆರೆಗಳು ಎರಡನೆಯದರ ಕಡೆಗೆ ಬೆರಳು ತೋರುತ್ತವೆ, ಏಕೆಂದರೆ ಗಟ್ಟಿ ಪಿಂಗಾಣಿಯಲ್ಲಿ ಮೆರುಗು ಹೀಗೆ ಬಲೆಯಾಗಿ ಬಿರಿಯುವುದು ಅಪರೂಪ. ಈ ಫಲಿತಾಂಶ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ: ನೀರು ಕುಡಿಯುವ ಮೈಯೊಳಗೆ ಗಂಟೆಗಟ್ಟಲೆ ಕರಗಿದ ಮಸಿ ನಿಂತರೆ ಅದು ಗೆರೆಗಳಲ್ಲಿ ಹರಡಿ ಬಟ್ಟಲಿನ ಹೊರಮೈಯಲ್ಲೂ ಕಂದು ಮೋಡದಂತೆ ಕಾಣಿಸಿಕೊಳ್ಳಬಹುದು.

ಎರಡನೆಯದು ಸದ್ದು. ಉಗುರಿನಿಂದ ಮೈಯ ಬೇರೆ ಬೇರೆ ಕಡೆ ಮೆಲ್ಲಗೆ ತಟ್ಟಿ. ಸ್ವಚ್ಛವಾದ ನಾದ ಬಂದರೆ ಸರಿ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಒಳಗಿನ ಗುಂಡು ಕೂಡ ದನಿಯನ್ನು ಕುಗ್ಗಿಸುವುದರಿಂದ ಇದೊಂದನ್ನೇ ನಂಬಬೇಡಿ. ಮೂರನೆಯದು, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಾಯಿಸಿ. ಹಳೆಯ ದುರಸ್ತಿಯ ಅಂಟು, ಬಣ್ಣಗಳು ಸುತ್ತಲಿನ ಪಿಂಗಾಣಿಗಿಂತ ಬೇರೆಯಾಗಿ ಹೊಳೆಯುತ್ತವೆ; ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ದುರಸ್ತಿ ಕಂಡರೆ ಇಲ್ಲಿಗೇ ನಿಲ್ಲಿಸಿ, ನೆನೆಸುವ ಕೆಲಸವನ್ನು ಪಿಂಗಾಣಿ ಸಂರಕ್ಷಕರಿಗೆ ಬಿಡಿ.

ಮುಂದೆ ಬೇಕಾದದ್ದು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್, ಹತ್ತಿ, ಬಿದಿರಿನ ಕಡ್ಡಿ, ಬಿಳಿ ಬ್ಲಾಟಿಂಗ್ ಕಾಗದ ಅಥವಾ ಟಿಶ್ಯೂ, ರಬ್ಬರ್ ಕೈಗವಸು. ಕೈಗವಸನ್ನು ಬಿಡಬೇಡಿ. ಹಳೆಯ ಮಸಿಗೆ ಬೂಸ್ಟು ಬರದಂತೆ ಫೀನಾಲ್‌ನಂಥ ವಿಷ ಬೆರೆಸುತ್ತಿದ್ದರು. ಅಡುಗೆಮನೆಯ ಸಿಂಕಿನಲ್ಲಿ ಈ ಕೆಲಸ ಮಾಡಬೇಡಿ.

ಕುಡಿಕೆಯನ್ನು ಟ್ರೇಯಲ್ಲಿ, ಬಿಳಿ ಟಿಶ್ಯೂ ಮೇಲೆ ನಿಲ್ಲಿಸಿ. ಕೋಣೆಯ ಉಷ್ಣತೆಯ ನೀರನ್ನು ಸಿರಿಂಜ್‌ನಲ್ಲಿ ಬಟ್ಟಲಿಗೆ ಮೆಲ್ಲನೆ ಬಿಡಿ. ನೀರು ಕೆಳಗೆ ಇಳಿದರೆ ದಾರಿ ತೆರೆದಿದೆ. ಇಳಿಯದೆ ಬಟ್ಟಲಲ್ಲೇ ನಿಂತರೆ ಕಿರುದಾರಿ ಕಟ್ಟಿದೆ. ತಂತಿ ಹಾಕಿ ಚುಚ್ಚಬೇಡಿ. ಅಲ್ಲಿ ಒಳಮೆರುಗು ತೆಳು, ಒಮ್ಮೆ ಗೀರಿದರೆ ಆ ಗೀರಿನಲ್ಲಿ ಮಸಿ ಶಾಶ್ವತವಾಗಿ ಕೂರುತ್ತದೆ. ಅರ್ಧ ಗಂಟೆಗೊಮ್ಮೆ ಆ ನೀರನ್ನು ಹೀರಿ ತೆಗೆದು ಹೊಸ ನೀರು ಬಿಡಿ. ಗೋಂದು ಮೆತ್ತಗಾಗುತ್ತಿದ್ದಂತೆ ಹಕ್ಕಳೆ ಅಂಚಿನಿಂದ ಏಳತೊಡಗುತ್ತದೆ, ಎದ್ದಷ್ಟನ್ನು ಮಾತ್ರ ಬಿದಿರಿನ ಕಡ್ಡಿಯಿಂದ ತೆಗೆಯಿರಿ. ದಾರಿ ತೆರೆದ ಮೇಲೆ ಎಷ್ಟು ಮಿ.ಲೀ. ಹಾಕಿದಿರಿ, ಎಷ್ಟು ಹೊರಬಂತು ಎಂದು ಬರೆದಿಟ್ಟುಕೊಳ್ಳಿ. 40 ಹಾಕಿ 25 ಬಂದರೆ ಉಳಿದದ್ದು ಸೋರಿರಬೇಕು ಅಥವಾ ಗಷ್ಟು ಹೀರಿರಬೇಕು; ಕೆಳಗಿನ ಟಿಶ್ಯೂ ಅದನ್ನು ಹೇಳಿಬಿಡುತ್ತದೆ.

ಹನಿ ಪರೀಕ್ಷೆಯಲ್ಲಿ ಗಟ್ಟಿ ಪಿಂಗಾಣಿ ಎಂದು ತಿಳಿದಿದ್ದರೆ ನೀರನ್ನು ಒಂದು ದಿನ ಒಳಗೇ ಬಿಟ್ಟು ಬದಲಾಯಿಸಿ. ಮೊದಲ ನೀರು ಕಡುಕಪ್ಪು, ಆಮೇಲೆ ಡಿಕಾಕ್ಷನ್ ಬಣ್ಣ, ಆಮೇಲೆ ತಿಳಿ ಚಹಾ. ಇದಕ್ಕೆ ನಾಲ್ಕು ದಿನವೂ ಆಗಬಹುದು, ಎರಡು ವಾರವೂ ಆಗಬಹುದು. ಮೈ ನೀರು ಕುಡಿಯುವಂಥದ್ದಾದರೆ ನೀರನ್ನು ಒಂದು ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬಿಡದೆ, ಪೂರ್ತಿ ಹೀರಿ ತೆಗೆದು, ನಡುವೆ ಒಂದು ದಿನ ಆರಲು ಬಿಟ್ಟು ಮಾಡಬೇಕು. ಕೆಲಸ ನಿಧಾನವಾದರೂ ಕಲೆ ಹರಡುವ ಅಪಾಯ ತಗ್ಗುತ್ತದೆ. ಇಡೀ ಕುಡಿಕೆಯನ್ನು ಬಕೆಟ್ಟಿನಲ್ಲಿ ಮುಳುಗಿಸುವುದು ಎರಡಕ್ಕೂ ಸಲ್ಲದು. ಹಿತ್ತಾಳೆ ಬಳೆಯ ಅಡಿಯ ಪ್ಲಾಸ್ಟರ್ ನೆನೆದು ಮೆತ್ತಗಾಗುತ್ತದೆ.

ನೀರು ತಿಳಿಯಾದ ಮೇಲೆ ಗುಬುಟಿನ ಸರದಿ. ಹತ್ತಿಯನ್ನು ಬತ್ತಿಯಂತೆ ಹೊಸೆದು, ಒದ್ದೆ ಮಾಡಿ, ಹಿಂಡಿ, ಗುಬುಟಿನ ಬುಡಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಿ. ನೀರು ಥ್ರೆಡ್ಡಿಗೆ ಇಳಿಯಬೇಕು, ಬಳೆಯ ಅಡಿಗೆ ಹರಿಯಬಾರದು, ಅದಕ್ಕೇ ಹಿಂಡುವುದು. ಬೆಳಗ್ಗೆ ಎಡಗೈಯಲ್ಲಿ ಹಿತ್ತಾಳೆ ಬಳೆಯನ್ನು ಹಿಡಿದು, ಬಲಗೈಯ ಎರಡು ಬೆರಳಿನಿಂದ ಗುಬುಟನ್ನು ಈಗ ನಿಲ್ಲುವ ದಿಕ್ಕಿಗೆ ಎದುರಾಗಿ, ಅಂದರೆ ಗುಂಡನ್ನು ಮೇಲೆತ್ತುವ ಕಡೆಗೆ, ತಿರುಗಿಸಿ ನೋಡಿ. ಎರಡು ಬೆರಳಿನ ಬಲಕ್ಕೆ ಬಾರದಿದ್ದರೆ ಮತ್ತೆ ಬತ್ತಿ ಹಾಕಿ. ಇಕ್ಕಳ ಬೇಡ. ಕುಡಿಕೆಯನ್ನು ಪಕ್ಕದ ಬಟ್ಟಲಿನಿಂದ ಹಿಡಿದು ತಿರುಗಿಸುವುದಂತೂ ಬೇಡ, ಬಟ್ಟಲು ಬುಡದಲ್ಲೇ ಮುರಿಯುತ್ತದೆ. ಸ್ವಲ್ಪ ಅಲ್ಲಾಡಿದರೆ ಮುಂದೆ ಹಿಂದೆ, ಮುಂದೆ ಹಿಂದೆ, ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚು. ‘ಟಕ್’ ಎಂದು ಸದ್ದಾಗಿ ಗುಬುಟು ಒಮ್ಮೆಲೇ ಸಲೀಸಾದರೆ ತಕ್ಷಣ ನಿಲ್ಲಿಸಿ. ಅದು ಮೇಲೆ ಹೇಳಿದ ಬೆಸುಗೆ ಬಿಟ್ಟಿರುವ ಲಕ್ಷಣ.

ಮುಚ್ಚಳ, ಗುಂಡು ಹೊರಬಂದ ಮೇಲೆ ಗುಂಡಿನ ಸುತ್ತ ಏನಾದರೂ ಸುತ್ತಿದೆಯೇ ನೋಡಿ. ಕೆಲವು ಮಾದರಿಗಳಲ್ಲಿ ಚರ್ಮದ ಪಟ್ಟಿಯೋ ದಾರವೋ ಇದ್ದು, ಗುಂಡು ಗೋಡೆಗೆ ಒತ್ತಿ ನಿಜವಾದ ಪಿಸ್ಟನ್‌ನಂತೆ ಮಸಿಯನ್ನು ತಳ್ಳುತ್ತದೆ. ಆ ಪಟ್ಟಿ ಒಣಗಿ ಪುಡಿಯಾಗಿದ್ದರೂ ಎಸೆಯದೆ ಒಂದು ಕವರಿನಲ್ಲಿ ಇಟ್ಟು, ಅದೇ ದಪ್ಪಕ್ಕೆ ಜೇನುಮೇಣ ಸವರಿದ ಹತ್ತಿದಾರ ಸುತ್ತಿದರೆ ಸಾಕು. ಸರಳಿನ ಥ್ರೆಡ್ಡನ್ನು ಮರದ ಕಡ್ಡಿಯಿಂದ ಬಿಡಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ, ಚೆನ್ನಾಗಿ ಆರಿದ ಮೇಲೆ ಜೇನುಮೇಣದ ತೆಳು ಲೇಪ ಕೊಡಿ. ಹಿತ್ತಾಳೆ ಹೊಳಪಿನ ಪಾಲಿಶ್ ಹಚ್ಚಬೇಡಿ. ಅದರ ಬಿಳಿ ಪುಡಿ ಥ್ರೆಡ್ಡಿನಲ್ಲಿ ಕೂತು ಮತ್ತೆ ಬಿಗಿಯುತ್ತದೆ, ಚಿನ್ನದ ಗೆರೆಗೆ ತಾಗಿದರೆ ಚಿನ್ನವೇ ಹೋಗುತ್ತದೆ. ಆ ಚಿನ್ನ ಮೆರುಗಿನ ಮೇಲೆ ಕೂತ ತೀರ ತೆಳು ಪದರ, ಒಣ ಬಟ್ಟೆಯಿಂದ ಪದೇ ಪದೇ ಉಜ್ಜಿದರೂ ಸವೆಯುತ್ತದೆ.

ಒಳಗೆ ಕಂದು ಕಲೆ ಉಳಿದಿದ್ದರೆ, ಗಟ್ಟಿ ಪಿಂಗಾಣಿಯಾದಲ್ಲಿ ಮಾತ್ರ, 100 ಮಿ.ಲೀ. ನೀರಿಗೆ 2 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಕರಗಿಸಿ, ಲೋಹದ ಭಾಗಗಳನ್ನು ಹೊರಗಿಟ್ಟು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಅದು ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ. ನಾಲ್ಕೈದು ಸಲ ಬರಿನೀರಿನಲ್ಲಿ ತೊಳೆಯಬೇಕು. ಉಳಿದ ಕಲೆಯನ್ನು ಉಳಿಯಲು ಬಿಡುವುದು ಮೇಲು. ಮಸಿಕುಡಿಕೆಯ ಒಳಗೆ ಮಸಿಯ ಕಲೆ ಇರುವುದು ದೋಷವಲ್ಲ, ಅದನ್ನು ಬಳಸಿದ್ದಕ್ಕೆ ಸಾಕ್ಷಿ.

ಬರೆಯಬಹುದೇ ಎಂಬ ಪ್ರಶ್ನೆಗೆ: ಮೊದಲು ಮಸಿ ಬೇಡ, ನೀರು ಹಾಕಿ. ಗುಂಡನ್ನು ಪೂರ್ತಿ ಮೇಲಿಟ್ಟು, ಅಳತೆ ಮಾಡಿದ ನೀರನ್ನು ಬಟ್ಟಲಿನ ಕೊರಳಲ್ಲಿ ಕಾಣುವಷ್ಟು ತುಂಬಿ, ಟಿಶ್ಯೂ ಮೇಲೆ 24 ಗಂಟೆ ನಿಲ್ಲಿಸಿ. ಒದ್ದೆ ಉಂಗುರ ಮೂಡದಿದ್ದರೆ ಗುಬುಟು ಅರ್ಧರ್ಧ ಸುತ್ತು ಇಳಿಸುತ್ತ ಮಟ್ಟ ಏರುವುದನ್ನು ನೋಡಿ. ನಯವಾಗಿ ಏರಬೇಕು. ತಡೆದು ತಡೆದು ಆಮೇಲೆ ಒಮ್ಮೆಲೇ ಉಕ್ಕಿದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ. ಕಿಂಡಿ ಎಂದರೆ ಸೂಜಿತೂತು ಇರಬಹುದು, ಕೆಲವದರಲ್ಲಿ ಥ್ರೆಡ್ಡಿನ ಸಡಿಲವೇ ಆ ಕೆಲಸ ಮಾಡುತ್ತದೆ. ಗಾಳಿ ಹೊರಹೋಗದಿದ್ದರೆ ಒಳಗೆ ಒತ್ತಿಕೊಂಡು ಮಸಿಯನ್ನು ಬಟ್ಟಲಿನಾಚೆ ಚೆಲ್ಲುತ್ತದೆ. ಮೇಣ ಹಚ್ಚುವಾಗ ಈ ಕಿಂಡಿ ಮುಚ್ಚಿಹೋಗುವುದು ಸಾಮಾನ್ಯ.

ಎಲ್ಲ ಸರಿಯಿದ್ದು, ಮೈ ಗಟ್ಟಿ ಪಿಂಗಾಣಿಯಾಗಿದ್ದರೆ, ಫೌಂಟನ್ ಪೆನ್ನಿನ ತೊಳೆದರೆ ಹೋಗುವ ನೀಲಿ ಮಸಿ ಹಾಕಬಹುದು. ಅದು ತೆಳು, ಅದ್ದುವ ನಿಬ್ಬಿನಿಂದ ಬೇಗ ಜಾರುತ್ತದೆ. ತೊಂದರೆಯಾದರೆ ಅರೇಬಿಕ್ ಗೋಂದಿನ ದ್ರಾವಣ ಒಂದೆರಡು ಹನಿ ಸೇರಿಸಿ, ಕಾಗದದ ಮೇಲೆ ಪರೀಕ್ಷಿಸಿ, ಬೇಕಾದರೆ ಇನ್ನೊಂದು ಹನಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಹಾಕಲೇಬೇಡಿ. ಅದರಲ್ಲಿ ಇದ್ದಿಲ ಕಪ್ಪಿನ ಜೊತೆ ಅರಗು ಇರುವುದುಂಟು. ಆರಿದರೆ ನೀರಿಗೆ ಬಿಡುವುದಿಲ್ಲ, ಈಗ ಮಾಡಿದ ಕೆಲಸವೆಲ್ಲ ವ್ಯರ್ಥ. ಕಬ್ಬಿಣದ ಮಸಿಯೂ ಬೇಡ, ಹಿತ್ತಾಳೆಯನ್ನು ತಿನ್ನುತ್ತದೆ. ದಿನದ ಕೊನೆಗೆ ಗುಂಡನ್ನು ಮೇಲೆತ್ತಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆಯಿರಿ.

ಹನಿ ಇಂಗಿದ್ದರೆ, ಅಥವಾ ಬಟ್ಟಲಿನ ಗೆರೆಗಳು ಹೊರಮೈವರೆಗೆ ಹೋಗಿದ್ದರೆ, ನನ್ನ ಸಲಹೆ ಬೇರೆ. ಒಳಗೆ ಮಸಿ ಹಾಕಬೇಡಿ. ಬಟ್ಟಲಿನೊಳಗೆ ಕೂರುವಂಥ ಪುಟ್ಟ ಗಾಜಿನ ಶೀಶೆ ಹುಡುಕಿ, ಅದರಲ್ಲಿ 3–4 ಮಿ.ಲೀ. ಮಸಿ ಇಟ್ಟು ಬರೆಯಿರಿ. ಗುಬುಟಿನ ಆಟವನ್ನು ನೋಡಬೇಕೆನಿಸಿದಾಗ ನೀರು ಹಾಕಿ ತೋರಿಸಬಹುದು. ಬಲೆಗೆರೆಗೆ ಒಮ್ಮೆ ಇಳಿದ ನೀಲಿ ಬಣ್ಣವನ್ನು ಪಾತ್ರೆಗೆ ಪೆಟ್ಟು ಮಾಡದೆ ತೆಗೆಯುವ ದಾರಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದೇ ಬಗೆಯ ಪಾತ್ರೆ ಇರುವ ಬೇರೆ ಓದುಗರಿಗಾಗಿ. ಪಕ್ಕಕ್ಕೆ ಬಟ್ಟಲು ಇರುವ ಎಲ್ಲ ಮಸಿಕುಡಿಕೆಯೂ ಪಂಪ್ ಅಲ್ಲ. ಗುಬುಟೇ ಇಲ್ಲದೆ, ಮೇಲೆ ಪೂರ್ತಿ ಮುಚ್ಚಿಕೊಂಡು, ಬಟ್ಟಲು ಮಾತ್ರ ತೆರೆದಿದ್ದರೆ ಅದು ಗಾಳಿಯ ಒತ್ತಡದಿಂದ ನಡೆಯುವ ಸೈಫನ್ ಮಾದರಿ. ಕೋಣೆಯಲ್ಲಿ ಮಸಿ ಬಟ್ಟಲಿಗಿಂತ ಎತ್ತರಕ್ಕೆ ನಿಂತಿರುತ್ತದೆ. ಬಟ್ಟಲಿನ ಮಟ್ಟ ಇಳಿದಾಗ ಒಂದು ಗಾಳಿಗುಳ್ಳೆ ಒಳಹೋಗಿ ಅಷ್ಟೇ ಮಸಿ ಹೊರಬರುತ್ತದೆ. ಅದರ ಮೇಲ್ಭಾಗದಲ್ಲಿ ಕೂದಲೆಳೆ ಬಿರುಕು ಇದ್ದರೂ ಸಾಕು, ಮಸಿಯೆಲ್ಲ ಮೇಜಿನ ಮೇಲೆ. ಬಿಸಿಗೂ ಅದು ಉಕ್ಕುತ್ತದೆ: ಒಳಗೆ 60 ಮಿ.ಲೀ. ಗಾಳಿ ಇದ್ದು ಕೋಣೆಯ ಶಾಖ 20ರಿಂದ 30 ಡಿಗ್ರಿಗೆ ಏರಿದರೆ ಗಾಳಿ ಹಿಗ್ಗಿ ಸುಮಾರು 2 ಮಿ.ಲೀ. ಮಸಿಯನ್ನು ಹೊರತಳ್ಳುತ್ತದೆ. ಹಾಗಾಗಿ ಕಿಟಕಿಯ ಬಿಸಿಲಿಗೆ ಇಡಬಾರದು, ಮತ್ತು ಅರ್ಧ ಖಾಲಿಯಾದ ಕುಡಿಕೆ ತುಂಬಿದ ಕುಡಿಕೆಗಿಂತ ಹೆಚ್ಚು ಚೆಲ್ಲುತ್ತದೆ. ಇನ್ನೊಂದು, ಲಂಡನ್ನಿನ ಡಿ ಲಾ ರೂ ಸಂಸ್ಥೆಯ ‘ಐಸೋಬಾತ್’. ಅದರೊಳಗೆ ಮಸಿಗಿಂತ ಅರ್ಧದಷ್ಟು ಸಾಂದ್ರತೆಯ ಅರ್ಧಗೋಳದ ತೇಲುಬುರುಡೆ ಒಂದು ಇರುಸಿನ ಮೇಲೆ ತಾನೇ ತಿರುಗುತ್ತ ಮಟ್ಟವನ್ನು ಕಾಯುತ್ತದೆ. ದೀಪದ ಎಣ್ಣೆಯ ಮಟ್ಟ ಕಾಯಲು ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ 1677ರಲ್ಲೇ ವಿವರಿಸಿದ್ದ ಉಪಾಯ ಇದು. ಬುರುಡೆ ಗಟ್ಟಿ ರಬ್ಬರಿನದು. ಬಿಸಿನೀರು ಅದನ್ನು ಸೊಟ್ಟ ಮಾಡುತ್ತದೆ, ಬಿಸಿಲು ಕಂದಾಗಿಸುತ್ತದೆ. ತಣ್ಣೀರೊಂದೇ ಅದಕ್ಕೆ ಸರಿ.

ನಕಲಿಯೇ ಎಂಬ ನಿಮ್ಮ ಕಡೆಯ ಸಂಶಯಕ್ಕೆ: ಮುದ್ರೆ ಇಲ್ಲದಿರುವುದು ನಕಲಿಯ ಗುರುತಲ್ಲ. 19ನೇ ಶತಮಾನದ ಪ್ಯಾರಿಸ್ ಪಿಂಗಾಣಿಯ ಬಹುಪಾಲು ಮುದ್ರೆಯಿಲ್ಲದೆಯೇ ಮಾರಾಟವಾಗಿದೆ. ಪಂಪ್ ಕುಡಿಕೆಗಳಲ್ಲಿ ‘ಬೊಕೆ’ ಎಂಬ ಹೆಸರು ಸಂಗ್ರಾಹಕರಿಗೆ ಪರಿಚಿತ. ಹೆಸರಿದೆಯೇ ಎಂದು ತಳವೊಂದನ್ನೇ ನೋಡದೆ ಮುಚ್ಚಳ, ಗುಬುಟು, ಮೈಗಳನ್ನೂ ನೋಡಿ. ‘ಫ್ರಾನ್ಸ್’ ಎಂಬ ಪದ ಒತ್ತಿದ್ದರೆ ಅದು ಬಹುಶಃ 1891ರ ನಂತರದ್ದು, ಏಕೆಂದರೆ ಅಮೆರಿಕದ 1890ರ ಸುಂಕ ಕಾನೂನು ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಬೇಕೆಂದಿತು. ನಿಮ್ಮದರಲ್ಲಿ ನಾನು ಹೆಚ್ಚು ನಂಬುವ ಸಾಕ್ಷಿ ಒಳಗಿನ ಹಕ್ಕಳೆ. ಅಲಂಕಾರಕ್ಕೆಂದು ಮಾಡಿದ ನಕಲಿನಲ್ಲಿ ಗುಂಡಿನ ಬುಡಕ್ಕೆ, ಕಿರುದಾರಿಯೊಳಗೆ, ಥ್ರೆಡ್ಡಿನ ಸಂದಿಗೆ ಕಬ್ಬಿಣದ ಮಸಿಯ ಗಷ್ಟು ಕಟ್ಟಿರುವುದಿಲ್ಲ. ಆದ್ದರಿಂದ ಬಿಡಿಸುವ ಮುನ್ನ ಎಲ್ಲ ಕಡೆಯ ಫೋಟೋ ತೆಗೆದಿಡಿ.

ಬೆಲೆಯ ಮಾತು ಬಂದರೆ, ಮೂಲ ಗುಂಡು ಮತ್ತು ಸರಳು ಒಟ್ಟಿಗಿರುವುದೇ ಮುಖ್ಯ. ಗುಂಡು ಕಳೆದುಹೋಗಿ ಬರಿಯ ಮೈ ಉಳಿದ ಕುಡಿಕೆಗಳೇ ಮಾರುಕಟ್ಟೆಯಲ್ಲಿ ಹೆಚ್ಚು. ಬೆಸುಗೆ ಬಿಟ್ಟರೆ ಸೂಪರ್ ಗ್ಲೂ ಹಾಕಬೇಡಿ, ಅದು ಒದ್ದೆಯಲ್ಲಿ ಬಾಳುವುದಿಲ್ಲ, ಮುಂದಿನ ದುರಸ್ತಿಗೂ ಅಡ್ಡಿ. ಸಂರಕ್ಷಕರು ಹಳೆಯ ಪ್ಲಾಸ್ಟರ್ ತೆಗೆದು, ಮತ್ತೆ ಬಿಡಿಸಲು ಬರುವಂಥ ಅಂಟಿನಿಂದ ಸೇರಿಸುತ್ತಾರೆ. ಅಂಥ ದುರಸ್ತಿಯಾದ ಕುಡಿಕೆ ಪ್ರದರ್ಶನಕ್ಕೆ ಸರಿ, ದಿನವೂ ಮಸಿ ತುಂಬಿಡಲು ಅಲ್ಲ.

ಮಗಳು ಸಂತೆಯಲ್ಲಿ ಕೊಂಡ ರಸೀದಿ ಇದ್ದರೆ ಕುಡಿಕೆಯ ಜೊತೆಗೇ ಇಡಿ, ಇಲ್ಲದಿದ್ದರೆ ಕೊಂಡ ಊರು, ದಿನಾಂಕ ಬರೆದು ಅವಳ ಸಹಿ ಹಾಕಿಸಿಡಿ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವುದನ್ನು 1972ರ ಪುರಾತನ ವಸ್ತು ಕಾಯಿದೆ ತಡೆಯುತ್ತದೆ. ಮುಂದೊಂದು ದಿನ ಅವಳು ಅದನ್ನು ವಾಪಸ್ ಒಯ್ಯಲು ಬಯಸಿದರೆ, ಅದು ಹೊರಗಿನಿಂದಲೇ ಬಂದದ್ದೆಂದು ತೋರಿಸಲು ಆ ಚೀಟಿ ಬೇಕಾಗುತ್ತದೆ.